ಬಿರುಕಿಗೆ ರೇಟು ಎಷ್ಟು?

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಉಳಿದ ಎಲ್ಲದಕ್ಕೂ ಮಾಡುತ್ತೇವೆ. ಮಂಡಿಪೇಟೆಯಲ್ಲಿ ಐದು ರೂಪಾಯಿ ಇಳಿಸದೆ ತಂದ ಬೆಲ್ಲ ನಮಗೆ ಸಿಹಿ ಅನ್ನಿಸುವುದಿಲ್ಲ. ಮಂಡಕ್ಕಿ ಅಳೆಸಿದ ಮೇಲೆ ಇನ್ನೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಬಂದವನನ್ನು ಮನೆಯವರು ಮತ್ತೆ ಪೇಟೆಗೆ ಕಳಿಸುವುದಿಲ್ಲ. ಇಂಥ ಊರಿನಲ್ಲಿ ಬೆಳೆದವನಿಗೆ ಹಳೆಯ ಮನೆಯೊಂದನ್ನು ಚೌಕಾಸಿ ಮಾಡಿ ಕೊಳ್ಳುವುದು ದೊಡ್ಡ ಮಾತೇ ಎಂದು ನೀವು ಕೇಳಬಹುದು. ದೊಡ್ಡ ಮಾತೇ. ಯಾಕೆಂದರೆ ಬೆಲ್ಲದ ಅಂಗಡಿಯವನು ಬೆಲ್ಲದ ಅಚ್ಚಿನೊಳಗೆ ನಲವತ್ತು ವರ್ಷ ಸಂಸಾರ ಮಾಡಿರುವುದಿಲ್ಲ.

ಮನೆ ಇದ್ದದ್ದು ದೇವರಾಜ ಅರಸು ಬಡಾವಣೆಯಲ್ಲಿ. ಅರಸರು ಎಪ್ಪತ್ತರ ದಶಕದಲ್ಲಿ ಮುಖ್ಯಮಂತ್ರಿಯಾಗಿದ್ದವರು. ಅವರ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಉಳುತ್ತಿದ್ದವನೇ ಹೊಲದ ಒಡೆಯನಾದ. ಬಾಡಿಗೆಗೆ ಇರುವವನೇ ಮನೆಯೊಡೆಯ ಎಂದು ಅದರಲ್ಲೇ ಇನ್ನೊಂದು ಸಾಲು ಸೇರಿಸಿಬಿಟ್ಟಿದ್ದರೆ ಪಿ.ಜೆ. ಬಡಾವಣೆಯ ಬಾಡಿಗೆ ಮನೆಯಲ್ಲಿ ಪ್ರತಿ ತಿಂಗಳು ಐದನೇ ತಾರೀಕಿಗೆ ಹೆದರುತ್ತಿದ್ದ ನಾನು ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅರಸರು ಸೇರಿಸಲಿಲ್ಲ. ಹಾಗಾಗಿ ಬ್ರೋಕರ್ ಬಂದ.

"ಮೂವತ್ತು-ನಲವತ್ತು ಸೈಟು ಸಾರ್, ಪೂರ್ವದ ಬಾಗಿಲು. ಸೈಟಿನ ರೇಟಿಗೆ ಮನೆ ಸಿಗ್ತಾ ಐತಿ, ಗೋಡೆ ಎಲ್ಲಾ ಫ್ರೀ" ಎಂದ. ಬೆಲೆ 78 ಲಕ್ಷ. ಗೋಡೆಗಳನ್ನು ಯಾಕೆ ಫ್ರೀ ಕೊಡುತ್ತಿದ್ದಾರೆ ಎಂದು ಅವನು ಹೇಳಲಿಲ್ಲ.

ಕಾಗದಪತ್ರದ ವಿಷಯದಲ್ಲಿ ಮನೆಯ ಯಜಮಾನರು ಅಪ್ಪಟ ಬಂಗಾರ. ಹರಿಹರದ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ, ಋಣಭಾರ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲವನ್ನು ಟ್ರಂಕಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರ-ಶಿವದಾರಗಳಷ್ಟೇ ಭದ್ರವಾಗಿ ಸೊಂಟದಲ್ಲಿ ಇಟ್ಟುಕೊಂಡಿದ್ದರು. ಬ್ಯಾಂಕಿನ ವಕೀಲರು ಒಂದು ಅಲ್ಪವಿರಾಮದಷ್ಟೂ ತಕರಾರು ತೆಗೆಯಲಿಲ್ಲ. ಆದರೆ ನಮ್ಮ ವ್ಯವಸ್ಥೆಯೇ ಹೀಗೆ: ಮನೆಯ ಮೇಲೆ ಎಷ್ಟು ಸಾಲ ಇದೆ ಎಂದು ಉಪನೋಂದಣಾಧಿಕಾರಿಗಳ ಕಚೇರಿ ಹೇಳುತ್ತದೆ. ಮನೆಯ ಒಳಗೆ ಎಷ್ಟು ನೀರು ಇಳಿಯುತ್ತದೆ ಎಂದು ಯಾವ ಪತ್ರವೂ ಹೇಳುವುದಿಲ್ಲ.

ಅದಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅವನು ಸಿವಿಲ್ ಎಂಜಿನಿಯರು. ಊರಿನಲ್ಲಿ 1951ರಲ್ಲಿ ಶುರುವಾದ ಬಿ.ಡಿ.ಟಿ. ಕಾಲೇಜಿನಲ್ಲಿ ಓದಿದವನು. ಮಾತು ಕಡಿಮೆ, ಸುತ್ತಿಗೆ ಸಣ್ಣದು. ಒಳಗೆ ಕಾಲಿಟ್ಟವನೇ ಗಡಿಗೆ ಕೊಳ್ಳುವ ಹೆಂಗಸರು ಬಡಿದು ನೋಡುವಂತೆ ಗೋಡೆಗಳನ್ನು ಬಡಿಯುತ್ತಾ ಹೋದ. ಗಟ್ಟಿ ಸದ್ದು ಬಂದ ಕಡೆ ಮುಂದೆ ಸರಿಯುವನು. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಹಾಕುವನು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಅವನ ಬೆನ್ನಿಗೇ ಬರುತ್ತಿದ್ದರು. ನಡುಮನೆ ಮುಗಿಯುವ ಹೊತ್ತಿಗೆ ಗೋಡೆ ತುಂಬ ಸೊನ್ನೆ. ಯಜಮಾನರು ನನ್ನನ್ನು ನೋಡಿ, "ನಿಮ್ಮ ಹುಡುಗ ಲೆಕ್ಕದಾಗೆ ಜಾಣ" ಎಂದರು.

ಬಚ್ಚಲಮನೆಯ ತಾರಸಿಗೆ ಏಣಿ ಹಾಕಿ ಎರಡು ಏಟು ಹಾಕಿದ್ದೇ ತಡ, ಅಂಗೈ ಅಗಲದ ಸಿಮೆಂಟು ಹಪ್ಪಳ ಕಳಚಿ ಅವನ ಬೂಟಿನ ಮೇಲೆ ಬಿತ್ತು. ಮೇಲೆ ತುಕ್ಕು ಹಿಡಿದು ಊದಿಕೊಂಡ ಕಂಬಿ ಕಂಡಿತು. ಕಂಬಿ ತುಕ್ಕು ಹಿಡಿದರೆ ದಪ್ಪವಾಗುತ್ತದೆ, ದಪ್ಪವಾದದ್ದು ತನ್ನ ಸುತ್ತಲಿನ ಕಾಂಕ್ರೀಟನ್ನು ನೂಕಿ ಸೀಳುತ್ತದೆ ಎಂದು ಅವನು ವಿವರಿಸಿದ. ಯಜಮಾನರ ವಿವರಣೆ ಇನ್ನೂ ಸರಳ: "ನೀವು ಬಡಿದಿದ್ದಕ್ಕೆ ಬಿತ್ತು. ಇಷ್ಟು ವರ್ಷ ನಾವು ಬಡಿದಿಲ್ಲ, ಬಿದ್ದಿಲ್ಲ."

ನಿಜವಾದ ರೋಗ ಇದ್ದದ್ದು ಮಲಗುವ ಕೋಣೆಯ ಕಿಟಕಿಯಲ್ಲಿ. ಅದರ ಕೆಳಮೂಲೆಯಿಂದ ಹೊರಟ ಬಿರುಕು ಓರೆಯಾಗಿ ನೆಲದವರೆಗೆ ಇಳಿದಿತ್ತು. ಹತ್ತು ಪೈಸೆಯ ನಾಣ್ಯ ಹಿಡಿಸುವಷ್ಟು ಬಾಯಿ. ಹುಡುಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಮಾವ, ಕೆಳಗೆ ಎರೆಮಣ್ಣು" ಎಂದ.

ಎರೆಮಣ್ಣಿನ ಗುಣ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಈ ಮಣ್ಣಿನಲ್ಲಿ ಹತ್ತಿ ಚೆನ್ನಾಗಿ ಬರುತ್ತದೆಂದೇ ದಾವಣಗೆರೆಗೆ ಹತ್ತಿ ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಗಿರಣಿಗಳು ಬಾಗಿಲು ಹಾಕಿದವು, ಮಣ್ಣು ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಮೇಲೆ ಹತ್ತಿ ಇದೆಯೋ ಹಾಸಿಗೆ ಇದೆಯೋ ಎಂದು ನೋಡದೆ ವರ್ಷಕ್ಕೊಮ್ಮೆ ಎತ್ತುತ್ತದೆ, ವರ್ಷಕ್ಕೊಮ್ಮೆ ಇಳಿಸುತ್ತದೆ. ಇಂಥ ಮಣ್ಣಿನ ಮೇಲೆ ಕಟ್ಟುವವರು ಎರೆ ತೆಗೆದು ಗರಸು ತುಂಬಬೇಕು, ಪಾಯದ ಕಲ್ಲಿನ ಮೇಲೆ ಸುತ್ತಲೂ ಪ್ಲಿಂತ್ ಬೀಮ್ ಹಾಕಿ ಗೋಡೆಗಳನ್ನು ಒಟ್ಟಿಗೆ ಹಿಡಿಸಬೇಕು. ಬುಡದಲ್ಲಿ ಗೆಡ್ಡೆಯಾಕಾರಕ್ಕೆ ಅಗಲವಾದ ಪೈಲುಗಳನ್ನು ಆಳಕ್ಕೆ ಇಳಿಸುವ ವಿಧಾನವನ್ನೂ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದೆ. ಇದನ್ನೆಲ್ಲ ಹುಡುಗ ಹೇಳುತ್ತಿದ್ದರೆ ಯಜಮಾನರು ಪೂರ್ತಿ ಒಪ್ಪಿದರು. "ಅದನ್ನೇ ನಾನೂ ಹೇಳೋದು. ಬೇಸಿಗೆಗೆ ಬಿಡ್ತತಿ, ಮಳೆಗಾಲಕ್ಕೆ ಕೂಡ್ತತಿ. ಅದರ ಪಾಡಿಗೆ ಅದು ಇರ್ತತಿ."

ಕಾರಣದಲ್ಲಿ ಇಬ್ಬರಿಗೂ ಒಮ್ಮತ. ಹಣದಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಹೊರಡುವ ಮುಂಚೆ ಹುಡುಗ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗೋಂದು ಹಚ್ಚಿ ಅಂಟಿಸಿ, ಮೇಲೆ ತಾರೀಕು ಬರೆದ. ಗಾಜು ಹಾಗೇ ಉಳಿದರೆ ಬಿರುಕು ಸತ್ತಿದೆ, ಒಡೆದರೆ ಇನ್ನೂ ಬದುಕಿದೆ ಎಂಬುದು ಲೆಕ್ಕ. ಕೆಲವು ವಾರ ಬಿಟ್ಟು ಹೋದಾಗ ಗಾಜು ನಡುವೆ ಎರಡಾಗಿತ್ತು. "ಮೊಮ್ಮಗ ಚೆಂಡು ಹೊಡೆದ" ಎಂದರು ಯಜಮಾನರು. ಮೊಮ್ಮಗ ಇರುವುದು ಬೆಂಗಳೂರಿನಲ್ಲಿ.

ವರದಿ ಬಂತು. ತಾರಸಿಗೆ ನೀರು ಸೋರದ ಪದರ, ತುಕ್ಕು ಕಂಬಿಯ ಚಿಕಿತ್ಸೆ, ಉಪ್ಪು ಹೂ ಬಿಟ್ಟ ಗೋಡೆಗಳ ಗಾರೆ ಕೆತ್ತಿ ಹೊಸದು, ಗೆದ್ದಲು ತಿಂದ ಎರಡು ಬಾಗಿಲುವಾಡ, ಒಳಗೇ ಕಟ್ಟಿಕೊಂಡ ಕಬ್ಬಿಣದ ನೀರಿನ ಪೈಪು, ಅರ್ಥಿಂಗ್ ಇಲ್ಲದ ವೈರಿಂಗು, ಕಡೆಗೆ ಪಾಯದ ದುರಸ್ತಿ. ಒಟ್ಟು 11 ಲಕ್ಷ. ನಾನು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ವ್ಯಾಪಾರ ಮುಗಿದೇಹೋಯಿತು ಎಂಬ ಹುರುಪಿನಲ್ಲಿ ಹೊರಟೆ. 78ರಲ್ಲಿ 11 ಕಳೆದರೆ 67. ಮೂರನೇ ಇಯತ್ತೆಯ ಲೆಕ್ಕ.

ನನ್ನ ಸ್ನೇಹಿತರೊಬ್ಬರ ಮಗ ಸ್ಕಾಟ್‌ಲೆಂಡಿನಲ್ಲಿ ಇದ್ದಾನೆ. ಅಲ್ಲಿ 2008ರ ಡಿಸೆಂಬರಿನಿಂದ, ಮನೆ ಮಾರಾಟಕ್ಕಿಡುವವರೇ ತಮ್ಮ ಖರ್ಚಿನಲ್ಲಿ ಮನೆಯ ತಪಾಸಣೆ ಮಾಡಿಸಿ ವರದಿಯನ್ನು ಕೊಳ್ಳುವವರ ಕೈಗೆ ಕೊಡಬೇಕೆಂಬ ನಿಯಮವಿದೆ. ಮನೆಯ ಒಂದೊಂದು ಭಾಗಕ್ಕೂ 1, 2, 3 ಎಂದು ದರ್ಜೆ. ಮೂರು ಬಂದರೆ ತಡಮಾಡದೆ ರಿಪೇರಿ ಆಗಬೇಕು ಎಂದರ್ಥ. ಈ ಸಂಗತಿಯನ್ನು ಯಜಮಾನರಿಗೆ ಹೇಳಿದೆ. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿ, "ಮಗಳನ್ನು ನೋಡಕ್ಕೆ ಬಂದೋರಿಗೆ ನಾವೇ ಆಕೆ ಕುಂದು ಬರೆದು ಕೊಡಬೇಕಾ?" ಎಂದರು. ಸ್ಕಾಟ್‌ಲೆಂಡಿನ ಸಂಸತ್ತು ಇದಕ್ಕೆ ಉತ್ತರ ಕೊಟ್ಟ ಹಾಗೆ ಕಾಣೆ.

ಹಾಗೆಂದು ನಮ್ಮ ಕಾನೂನೇನೂ ಸುಮ್ಮನಿಲ್ಲ. 1882ರ ಆಸ್ತಿ ಹಸ್ತಾಂತರ ಕಾಯ್ದೆಯ 55ನೇ ಕಲಮು ಹೇಳುವುದು ಇದನ್ನೇ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವಿದ್ದರೆ, ಮಾರುವವನು ಅದನ್ನು ತಿಳಿಸಲೇಬೇಕು. ಆದರೆ ನೂರ ನಲವತ್ತು ವರ್ಷ ದಾಟಿದ ಈ ಕಲಮನ್ನು ಎದುರಿಗೆ ಕಾಫಿ ಲೋಟ ಇಟ್ಟು, "ಸಕ್ಕರೆ ಸಾಕಾ ನೋಡ್ರಿ" ಎನ್ನುವವರ ಮುಂದೆ ಎತ್ತುವುದು ಹೇಗೆ?

ವರದಿಯನ್ನು ಓದಲು ಶುರು ಮಾಡಿದೆ. ತಾರಸಿ ಎಂದೆ. "ತುಂಗಭದ್ರೆ ಮರಳು! ಹರಿಹರದಿಂದ ತರಿಸಿದ್ದು. ಈಗ ಎಂ-ಸ್ಯಾಂಡ್‌ನಾಗೆ ಕಟ್ತಾರಲ್ಲ, ಅವರನ್ನು ಕೇಳ್ರಿ" ಎಂದರು. ಪೈಪು ಎಂದೆ. "ಕಬ್ಬಿಣದ ಪೈಪಿನ ನೀರು ಕುಡಿದೇ ನನಗೆ ಇವತ್ತಿಗೂ ರಕ್ತ ಕಡಿಮೆ ಇಲ್ಲ" ಎಂದರು. ಗೋಡೆಯ ಉಪ್ಪು ಎಂದೆ. "ಅದು ಬೀರು ಇಡೋ ಜಾಗ" ಎಂದರು. ಗೆದ್ದಲು ಎಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಗುವಾನಿ ಆದ್ದಕ್ಕೆ ಎರಡೇ ತಿಂದಾವೆ" ಎಂದರು. ನಾನು ಕುಂದು ಎಂದು ಬರೆಸಿಕೊಂಡು ಹೋದದ್ದೆಲ್ಲ ಒಂದೊಂದಾಗಿ ಗುಣವಾಗಿ ತಿರುಗಿ, ಇನ್ನು ಸ್ವಲ್ಪ ಹೊತ್ತು ಕೂತರೆ 78 ಇದ್ದದ್ದು 80 ಆಗುವ ಲಕ್ಷಣ ಕಾಣಿಸಿತು.

ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ಪದ್ಧತಿ ಯಾಕೆ ಬಂತೆಂದು ಅಂದು ನನಗೆ ಹೊಳೆಯಿತು. ಎತ್ತಿನ ಹಲ್ಲು, ಸುಳಿ, ನಡಿಗೆ ಎಲ್ಲ ನೋಡಿ ಆಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಎತ್ತಿನ ಒಡೆಯನಿಗೆ ಹತ್ತು ಜನರ ಮುಂದೆ ಅವಮಾನ. ಹಾಗಾಗಿ ಕುಂದನ್ನು ಕಣ್ಣು ನೋಡುತ್ತದೆ, ಬೆಲೆಯನ್ನು ಬೆರಳು ಹೇಳುತ್ತದೆ, ಬಾಯಿ ಮಾತ್ರ ಮಳೆ-ಬೆಳೆಯ ವಿಚಾರ ಮಾತಾಡುತ್ತದೆ. ಬ್ರೋಕರ್ ಪಕ್ಕದಲ್ಲೇ ಇದ್ದ. ಆದರೆ ಅವನ ಹತ್ತಿರ ಟವೆಲ್ ಇರಲಿಲ್ಲ, ಮೊಬೈಲ್ ಇತ್ತು.

ಕಡೆಗೆ ಪಾಯದ ಮಾತು ಬಂತು. ಯಜಮಾನರು ಎದ್ದು ಒಳಗೆ ಹೋಗಿ ಟ್ರಂಕಿನಿಂದ 1986ರ ಡೈರಿಯೊಂದನ್ನು ತಂದರು. ರೆಕ್ಸಿನ್ ರಟ್ಟು, ಅದಕ್ಕೊಂದು ರಬ್ಬರ್ ಬ್ಯಾಂಡು. ಬ್ಯಾಂಡು ಬಿಚ್ಚುವಾಗ ತುಂಡಾಗಿ ಕಾಫಿ ಲೋಟದ ಪಕ್ಕ ಬಿತ್ತು. ಒಳಗೆ ಮನೆಯ ಲೆಕ್ಕ ದಿನವಹಿ. ಸಿಮೆಂಟು ಎಷ್ಟು ಚೀಲ, ಆಳು ಎಷ್ಟು, ಗಾರೆಯವರಿಗೆ ಚಹಾ ಎಷ್ಟು, ಎಲ್ಲವೂ ನೀಲಿ ಶಾಯಿಯಲ್ಲಿ, ಕೂಡಿಸಿದ ಮೊತ್ತ ಕೆಂಪಿನಲ್ಲಿ. "ಪಾಯ ಅಂದ್ರಲ್ಲ, ಕೇಳ್ರಿ" ಎಂದು ಬೆರಳಿಟ್ಟು ಓದಿದರು: "ಸೈಜುಗಲ್ಲು. ಗರಸು ನಾಲ್ಕು ಲೋಡು. ನಾನೇ ನಿಂತು ನೀರು ಹೊಡೆಸೀನಿ." ಆಮೇಲೆ ಹಾಳೆ ಮಗುಚಿದರು. ಮಗುಚಿದ ಹಾಳೆಯ ಮೇಲ್ಗಡೆ ಎರಡು ಸಾಲು ನನಗೂ ಕಂಡವು, ಅವರಿಗೂ ಕಂಡವು. "ಪ್ಲಿಂತ್ ಬೀಮ್ ಬಿಟ್ಟಿದೆ. ತಂಗಿ ಮದುವೆ ಬಾಬ್ತು ಹಣ ತೆಗೆದಿದೆ."

ಯಜಮಾನರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸತೊಡಗಿದರು. 55ನೇ ಕಲಮು ಕೇಳುವ ತಪ್ಪೊಪ್ಪಿಗೆ ನನ್ನ ಕಣ್ಣ ಮುಂದೆ ಅವರದೇ ಕೈಬರಹದಲ್ಲಿ ಇತ್ತು. ನನ್ನ ಜೇಬಿನಲ್ಲಿದ್ದ ವರದಿ, ಗಾಜಿನ ಪಟ್ಟಿ, ರೂರ್ಕಿಯ ಸಂಶೋಧನೆ ಎಲ್ಲವೂ ಎರೆಮಣ್ಣನ್ನು ದೂರುತ್ತಿದ್ದವು. ಬಿರುಕು ಶುರುವಾದದ್ದು ಮಣ್ಣಿನಲ್ಲಲ್ಲ, ಮದುವೆ ಮನೆಯಲ್ಲಿ. ಹಳೆಯ ಮನೆಯ ಕುಂದುಗಳ ಮೂಲ ಹುಡುಕಿದರೆ ಬಹಳ ಕಡೆ ಸಿಗುವುದು ಇದೇ. ಕಿಟಕಿಯ ಮೇಲೆ ಸಜ್ಜಾ ಚಿಕ್ಕದಾಗಿದ್ದರೆ ಆ ವರ್ಷ ಮಗನಿಗೆ ಕಾಲೇಜಿನ ಫೀಜು ಕಟ್ಟಿರುತ್ತಾರೆ. ತಾರಸಿಗೆ ಇಳಿಜಾರು ಸಾಲದಿದ್ದರೆ ಯಾರದೋ ಆಪರೇಷನ್ ಆಗಿರುತ್ತದೆ. ಎಂಜಿನಿಯರುಗಳು ಇದನ್ನು ರಚನಾ ದೋಷ ಎನ್ನುತ್ತಾರೆ. ಸಂಸಾರಸ್ಥರು ಇದನ್ನು ಹೇಗೋ ನಿಭಾಯಿಸಿದೆವು ಎನ್ನುತ್ತಾರೆ. ಎರಡಕ್ಕೂ ತಗಲುವ ರಿಪೇರಿ ಖರ್ಚು ಮಾತ್ರ ಒಂದೇ.

ಇಬ್ಬರೂ ಮಾತಿಲ್ಲದೆ ಕೂತಿದ್ದಾಗ ವ್ಯಾಪಾರ ಅಡಿಗೆಮನೆಯಲ್ಲಿ ಮುಗಿಯುತ್ತಿತ್ತು. ನನ್ನಾಕೆ ಯಜಮಾನರ ಮನೆಯಾಕೆಯ ಜೊತೆ ಒಳಗೆ ಹೋಗಿ, ಒಗ್ಗರಣೆ ಡಬ್ಬಿ ಎಲ್ಲಿಡುವುದು ಅನುಕೂಲ ಎಂಬ ಚರ್ಚೆಯಿಂದ ಹೊರಟು, ಜಾತ್ರೆ, ಬಾಣಂತನ, ಬೀಗರ ಸ್ವಭಾವ ಎಲ್ಲ ದಾಟಿ ತವರಿನವರೆಗೆ ತಲುಪಿದ್ದಳು. ಆ ಅಮ್ಮ ಬಾಗಿಲಿಗೆ ಬಂದು, "ಕೇಳಿದ್ರಾ, ಇವರು ಹೊನ್ನಾಳಿ ಕಡೆಯೋರಂತೆ. ನಿಮ್ಮೂರಿನ ಹೆಣ್ಣುಮಗಳು" ಎಂದರು.

ಯಜಮಾನರು ಕನ್ನಡಕ ಹಾಕಿಕೊಂಡರು. ಯಾರ ಮನೆ, ಯಾವ ಕೇರಿ, ಅಜ್ಜನ ಹೆಸರೇನು ಎಂದು ವಿಚಾರಣೆ ನಡೆಯಿತು. ಬ್ಯಾಂಕಿನ ವಕೀಲರು ಮನೆಯ ಹಿಂದಿನ ಒಡೆತನ ಕೆದಕಿದ್ದಕ್ಕಿಂತ ಕೂಲಂಕಷವಾಗಿತ್ತು. ಎಲ್ಲ ತಾಳೆಯಾದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನೋಡ್ರಿ, ಬಿರುಕಿಗೆ ಅಂತ ನಾನು ಒಂದು ರೂಪಾಯಿ ಬಿಡಲ್ಲ. ಬಿರುಕಿಗೆ ಬಿಟ್ಟರೆ ನನ್ನ ಮನೆಗೆ ಕೆಟ್ಟ ಹೆಸರು. ಆದರೆ ಒಬ್ಬ ತಂಗಿಗೆ ಅಂತ ಬೀಮೇ ಬಿಟ್ಟೀನಿ. ಇನ್ನೊಬ್ಬ ತಂಗಿಗೆ ಏಳು ಲಕ್ಷ ಬಿಡಕ್ಕಾಗಲ್ವಾ?"

71 ಎಂದು ಆಯಿತು. ಇನ್ನೂ ಒಂದೆರಡು ಲಕ್ಷ ಇಳಿಸಲು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಅಷ್ಟರಲ್ಲಿ ಅವರು ನನ್ನನ್ನು "ಭಾವನೋರೆ" ಎಂದು ಕರೆಯಲು ಶುರು ಮಾಡಿದ್ದರು. ಮನೆ ಮಾರುವವನ ಹತ್ತಿರ ಎಷ್ಟು ಹೊತ್ತು ಬೇಕಾದರೂ ಕೊಸರಾಡಬಹುದು, ಹೆಂಡತಿಯ ಅಣ್ಣನ ಹತ್ತಿರ ಆಗುವುದಿಲ್ಲ. ಅಮ್ಮ ನನ್ನಾಕೆಯ ಉಡಿ ತುಂಬಿದರು. ಜೊತೆಗೆ ಹಿತ್ತಲಿನ ಒರಳುಕಲ್ಲು ಬಂತು. ಬ್ರೋಕರ್ ತನ್ನ ಶೇ 2ನ್ನು 78ರ ಮೇಲೆ ಕೇಳಿದ. ಅವನಿಗೆ ಹೊನ್ನಾಳಿಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ 71ರ ಮೇಲೆ ಕೊಟ್ಟೆವು.

ಅಳಿಯನಿಗೆ ಬೇಸರವಾಯಿತು. "ನನ್ನ ವರದಿಯಿಂದ ಏನೂ ಉಪಯೋಗ ಆಗಲಿಲ್ಲ ಅನ್ನು ಮಾವ" ಎಂದ. ಆಗಿತ್ತು. 11 ಲಕ್ಷ ಎಂಬ ಅಂಕಿ ಜೇಬಿನಲ್ಲಿ ಇರದಿದ್ದರೆ 7 ಲಕ್ಷಕ್ಕೆ ಒಪ್ಪಬೇಕೋ ಏಳಬೇಕೋ ತಿಳಿಯುತ್ತಲೇ ಇರಲಿಲ್ಲ. ಉಳಿದ 4 ಲಕ್ಷದ ಕೆಲಸದಲ್ಲಿ ಯಾವುದು ಈ ವರ್ಷ, ಯಾವುದು ಮುಂದಿನ ವರ್ಷ ಎಂದು ಆ ಹಾಳೆಯೇ ಹೇಳಿತು. ಪಾಯ ಮತ್ತು ಕಂಬಿ ಮೊದಲು, ಉಪ್ಪಿನ ಗೋಡೆ ಕೊನೆಗೆ. ಸದ್ಯಕ್ಕೆ ಅಲ್ಲಿ ಬೀರು ಇಟ್ಟಿದ್ದೇವೆ, ಅದು ಬೀರು ಇಡುವ ಜಾಗವೇ.

ಚೌಕಾಸಿಯ ಹೆಮ್ಮೆ ಇಳಿಸಲಿಕ್ಕೆ ನೋಂದಣಿ ಕಚೇರಿ ಇದ್ದೇ ಇದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಶೇ 7.6. ಅಂದರೆ 71 ಲಕ್ಷಕ್ಕೆ 5 ಲಕ್ಷ 40 ಸಾವಿರದ ಹತ್ತಿರ. ಯಜಮಾನರು ಬಿಟ್ಟದ್ದರಲ್ಲಿ ಮುಕ್ಕಾಲು ಪಾಲು ಹೀಗೆ ಹೋಯಿತು. ಅಲ್ಲಿ ಚೌಕಾಸಿ ಇಲ್ಲ, ಕೊಸರೂ ಇಲ್ಲ, ತವರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಹಳೆಯ ಮನೆ ಕೊಳ್ಳಲು ಹೊರಟವರಿಗೆ ನನ್ನದು ಇಷ್ಟೇ ಮಾತು. ಮನೆಯನ್ನು ಎರಡು ಸಲ ನೋಡಿ: ಬಿರುಕು ಕಾಣಲು ಬೇಸಿಗೆಯಲ್ಲಿ ಒಮ್ಮೆ, ಸೋರಿಕೆ ಕಾಣಲು ಆಷಾಢದಲ್ಲಿ ಒಮ್ಮೆ. ಆಷಾಢದಲ್ಲಿ ಬೇರೆ ಗಿರಾಕಿಗಳೂ ಇರುವುದಿಲ್ಲ. ಹೊಸದಾಗಿ ಬಣ್ಣ ಬಳಿದಿದ್ದರೆ ಒಂದರ ಬದಲು ಎರಡು ಏಟು ಹೆಚ್ಚು ಬಡಿಸಿ. ಎಂಜಿನಿಯರ ವರದಿ ಮುಂಗಡಕ್ಕಿಂತ ಮೊದಲು ಬರಲಿ, ಆದರೆ ಅದನ್ನು ಮಾರುವವರ ಮುಂದೆ ಗಟ್ಟಿಯಾಗಿ ಓದಬೇಡಿ. ಅದು ನಿಮ್ಮ ಓದಿಗೆ ಮಾತ್ರ. ಬೆಲೆ ಇಳಿಸಲು ಅವರಿಗೆ ಮರ್ಯಾದೆಯ ಕಾರಣವೊಂದು ಬೇಕು, ಅದನ್ನು ಹುಡುಕಿಕೊಡುವ ಕೆಲಸ ನಿಮ್ಮದು. ಒಪ್ಪಿದ್ದನ್ನು, ಒರಳುಕಲ್ಲು ಸಮೇತ, ಕರಾರು ಪತ್ರದಲ್ಲಿ ಬರೆಸಿ. ಮುಂಗಡವನ್ನು ಚೆಕ್ಕಿನಲ್ಲೇ ಕೊಡಿ. ಮನೆ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಮುಟ್ಟಿದ ಮೇಲೆ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ಕೊಟ್ಟವರು ಭಾವನೋರೇ ಆಗಿದ್ದರೂ.